ಸೇಂದಿಗೆ ಜೊತೆಯಾದ ಮೆಕ್ಸಿಕೊ ಖಾರ

ಲೋಟದ ಅಂಚಿಗೆ ನಿಂಬೆಹೋಳು ಸವರಿ ಉಪ್ಪು, ಖಾರಪುಡಿ ಹತ್ತಿಸಬೇಕು. ಒಳಗೆ ನಿಂಬೆರಸ ಹಿಂಡಿ ತಣ್ಣನೆಯ ಬಿಯರ್ ಸುರಿದರೆ ಮೆಕ್ಸಿಕೊದವರ ‘ಮಿಚೆಲಾದ’ ಸಿದ್ಧ. ಅಮಲಿನ ಜೊತೆ ಖಾರವೇ ಎಂದು ಸೇಡಂ, ಚಿಂಚೋಳಿ ಕಡೆಯ ಹಿರಿಯರೇನೂ ಬೆರಗಾಗಲಾರರು. ಸೇಂದಿಯ ಜೊತೆ ಖಾರದ ತಿನಿಸು ಅಲ್ಲಿ ಹಳೆಯ ಜೋಡಿ.

ಜೋಡಿಯಲ್ಲಿ ಮೆಣಸಿನಕಾಯಿಯೇ ಹೊಸಬ. ಅದರ ತವರು ಮೆಕ್ಸಿಕೊ. ಪೋರ್ಚುಗೀಸರು 16ನೇ ಶತಮಾನದಲ್ಲಿ ಭಾರತಕ್ಕೆ ತಂದರು. ಕಾಳುಮೆಣಸಿನ ಹೆಸರನ್ನೇ ಕನ್ನಡಿಗರು ಅದಕ್ಕೂ ಇಟ್ಟರು. ಹುಳಿಗೆ ಮಾತ್ರ ಸೇಂದಿಗೆ ನಿಂಬೆ ಬೇಡ. ನಸುಕಿನಲ್ಲಿ ಸಿಹಿಯಾಗಿ ಇಳಿದ ಈಚಲ ರಸ ಬಿಸಿಲೇರಿದಂತೆ ತಾನೇ ಹುಳಿಯುತ್ತದೆ. ಮೆಕ್ಸಿಕೊದಲ್ಲೂ ಬಿಯರ್ ಬರುವ ಮುಂಚೆ ಕತ್ತಾಳೆ ಜಾತಿಯ ಗಿಡದ ರಸ ಹುಳಿಸಿದ ‘ಪುಲ್ಕೆ’ ಇತ್ತು, ಈಗಲೂ ಇದೆ.

ಸೇಂದಿಯ ಗತಿ ಬೇರೆ. ನಿಜಾಮರ ಬೊಕ್ಕಸಕ್ಕೆ ಅಬಕಾರಿ ವರಮಾನ ತಂದ ಈ ಪೇಯ, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯ ಸೇರಿದ ಮೇಲೂ ನಡೆದುಬಂತು. 2004ರಲ್ಲಿ ನಿಷೇಧ ಬಂತು. ಮರ ಹತ್ತುವ ಈಡಿಗರ ಕಸುಬು ನಿಂತಿತು. ಆದರೆ ಕ್ಲೋರಲ್ ಹೈಡ್ರೇಟ್ ಎಂಬ ಮಂಪರಿನ ಪುಡಿ ಕಲಸಿದ ನಕಲಿ ಸೇಂದಿ ನಿಲ್ಲಲಿಲ್ಲ. ಅದಕ್ಕೆ ಮರವೂ ಬೇಡ, ಹತ್ತುವವನೂ ಬೇಡ. ತೆಲಂಗಾಣದ ಗಡಿ ದಾಟಿದರೆ ಸಾಕು. ಸೇಂದಿ ಇಳಿಸಲು ಮತ್ತೆ ಅನುಮತಿ ಕೊಡಿ ಎಂಬುದು ಈಡಿಗರ ಬೇಡಿಕೆ.