ಪೇಟ ತೊಟ್ಟ ಮಾಲೀಕರು

ಬೆಂಗಳೂರು ದಂಡು ಪ್ರದೇಶದ ಮಹಾತ್ಮ ಗಾಂಧಿ ರಸ್ತೆಯಲ್ಲಿ ಹಿಂದೆ ಇಂಡಿಯಾ ಕಾಫಿ ಹೌಸಿನೊಳಗೆ ಕಾಲಿಟ್ಟವರಿಗೆ ಮೊದಲು ಕಾಣುತ್ತಿದ್ದುದು ಬಿಳಿ ಸಮವಸ್ತ್ರ, ಸೊಂಟದ ಅಗಲ ಪಟ್ಟಿ ಮತ್ತು ಬೀಸಣಿಗೆಯಂತೆ ಬಿಚ್ಚಿಕೊಂಡ ತುರಾಯಿಯ ಪೇಟ. ಸೌತ್ ಪರೇಡ್ ಎಂದು ಕರೆಸಿಕೊಳ್ಳುತ್ತಿದ್ದ ರಸ್ತೆ ಅದು. ಈ ವೇಷ ಕಂಡವರು ಯಾರೋ ಸಾಹೇಬರ ಹೋಟೆಲೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿ ಸಾಹೇಬರು ಯಾರೂ ಇರಲಿಲ್ಲ. ಹೋಟೆಲು ಮಾಣಿಗಳದೇ, ಅಡುಗೆಯವರದೇ.

ಹಾಗಾದದ್ದು ಸಂಕಟದಿಂದ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕಾಫಿ ಬೆಲೆ ಕುಸಿದಾಗ, ಹೊರದೇಶದ ಖರೀದಿಯನ್ನೇ ನಂಬಿದ್ದ ಬೆಳೆಗಾರರು ತತ್ತರಿಸಿದರು. ದೇಶದೊಳಗೇ ಕಾಫಿಯ ರುಚಿ ಹತ್ತಿಸಬೇಕೆಂದು ಕಾಫಿ ಸೆಸ್ ಸಮಿತಿ 1936ರಲ್ಲಿ ಮುಂಬಯಿಯಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಬಳಿಕ ಬಂದ ಕಾಫಿ ಮಂಡಳಿ ಇದನ್ನು ಹಲವು ನಗರಗಳಿಗೆ ವಿಸ್ತರಿಸಿತು. ಅಂದರೆ ಇವು ಲಾಭಕ್ಕೆಂದು ಹುಟ್ಟಿದ ಹೋಟೆಲುಗಳಲ್ಲ, ಪ್ರಚಾರದ ಅಂಗಡಿಗಳು. ಪ್ರಚಾರದ ಕೆಲಸ ಸಾಕೆನಿಸಿದಾಗ, 1950ರ ದಶಕದ ನಡುವಿನಲ್ಲಿ, ಮಂಡಳಿ ಅವುಗಳನ್ನು ಮುಚ್ಚಲು ಹೊರಟಿತು. ಲೋಟ ತೊಳೆದವರು, ಬಡಿಸಿದವರು ಬೀದಿಪಾಲಾಗುವ ಹೊತ್ತು.

ಆಗ ಅವರ ಬೆನ್ನಿಗೆ ನಿಂತವರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್, 1957ರ ಚುನಾವಣೆಯಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿಬಂದವರು. ಕೆಲಸ ಉಳಿಸಿರೆಂದು ಬೇಡುವುದರ ಬದಲು ಕಾಫಿ ಹೌಸುಗಳನ್ನು ಕೆಲಸಗಾರರೇ ವಹಿಸಿಕೊಂಡು ನಡೆಸಲಿ ಎಂಬುದು ಅವರ ಸಲಹೆ. 1957ರ ಆಗಸ್ಟ್ 19ರಂದು ಇಂಥ ಮೊದಲ ಕಾಫಿ ಕೆಲಸಗಾರರ ಸಹಕಾರ ಸಂಘ ಬೆಂಗಳೂರಿನಲ್ಲೇ ಸ್ಥಾಪನೆಯಾಯಿತು. ಅದೇ ವರ್ಷ ದೆಹಲಿಯಲ್ಲಿ, ಮರುವರ್ಷ ತ್ರಿಶೂರಿನಲ್ಲಿ ಇದೇ ಮಾದರಿಯ ಕಾಫಿ ಹೌಸುಗಳು ಬಾಗಿಲು ತೆರೆದವು.

ಸಹಕಾರ ಸಂಘದ ಲೆಕ್ಕಾಚಾರ ಸರಳ. ಸದಸ್ಯರು ಷೇರು ಹಾಕುತ್ತಾರೆ, ಆಡಳಿತ ಮಂಡಳಿಯನ್ನು ತಾವೇ ಚುನಾಯಿಸುತ್ತಾರೆ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಹೊರಗಿನ ಬಂಡವಾಳಗಾರನಿಗೆ ಲಾಭ ತೋರಿಸಬೇಕಾದ ಗೋಜಿಲ್ಲ. ಒಂದು ಕಾಫಿ, ಒಂದು ಆಮ್ಲೆಟ್ ತರಿಸಿ ಗಂಟೆಗಟ್ಟಲೆ ಹರಟುವ ಗಿರಾಕಿಯನ್ನು ಸಹಿಸುವ ತಾಳ್ಮೆಗೂ ಇದೇ ಕಾರಣವಿದ್ದೀತು. ವ್ಯಾಪಾರದ ದೃಷ್ಟಿಯಿಂದ ಜಾಣತನವಲ್ಲ, ನಿಜ.

1996ರಲ್ಲಿ ಹತ್ತಿರದ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಆರಂಭವಾಗಿ ಯುವಜನರ ಅಭಿರುಚಿ ಬದಲಾಯಿತು. ಆದರೂ ಹಳೆಯ ಗಿರಾಕಿಗಳು ಪೇಟದವರನ್ನು ಬಿಡಲಿಲ್ಲ. ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಹೋಟೆಲು ಕೆಲಸಗಾರರದಾದರೂ ಕಟ್ಟಡ ಅವರದಾಗಿರಲಿಲ್ಲ. ಸುಮಾರು ಅರ್ಧ ಶತಮಾನ ನಡೆದ ಮೇಲೆ, 2009ರ ಏಪ್ರಿಲ್‌ನಲ್ಲಿ ಎಂ. ಜಿ. ರಸ್ತೆಯ ಜಾಗ ತೆರವು ಮಾಡಬೇಕಾಯಿತು. ಕೊನೆಯ ಕಾಫಿಗೆಂದು ಜನ ನೆರೆದರು. ಸಂಘ ಮಾತ್ರ ಅಂಗಡಿ ಮುಚ್ಚಿ ಮನೆಗೆ ಹೋಗಲಿಲ್ಲ. ಹಳೆಯ ಗಿರಾಕಿಗಳು ನಡೆದೇ ಬರಬಹುದಾದಷ್ಟು ಸಮೀಪದ ಚರ್ಚ್ ಸ್ಟ್ರೀಟಿನಲ್ಲಿ, ಬ್ರಿಗೇಡ್ ಗಾರ್ಡನ್ಸ್ ಕಟ್ಟಡದಲ್ಲಿ ಮತ್ತೆ ಒಲೆ ಹಚ್ಚಿತು. ಪೇಟವೂ ಜೊತೆಗೆ ಹೋಯಿತು.