ಶಾಸನವನ್ನು ಉಲ್ಲೇಖಿಸುವ ಬಗೆ

‘ಎ.ಕ. 9’ ಎಂದಷ್ಟೇ ಬರೆದ ಅಡಿಟಿಪ್ಪಣಿಯನ್ನು ನಂಬಿ ಗ್ರಂಥಾಲಯಕ್ಕೆ ಹೋದ ವಿದ್ಯಾರ್ಥಿ ಯಾವ ಪುಸ್ತಕ ತೆಗೆಯಬೇಕು? ಶಾಸನಸಂಪುಟಗಳ ಸರಣಿಯಾದ ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಆವೃತ್ತಿಯಲ್ಲಿ 9ನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಪರಿಷ್ಕೃತ ಆವೃತ್ತಿಯಲ್ಲಿ ಅದು ಬೇಲೂರು ತಾಲ್ಲೂಕಿನದು. ಆವೃತ್ತಿ ಯಾವುದೆಂದು ಹೇಳದ ಟಿಪ್ಪಣಿ ಇದ್ದೂ ಇಲ್ಲದಂತೆ.

ಬದಲಾದ ಎಣಿಕೆ

ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ ಸುಮಾರು ಎರಡು ದಶಕಗಳಲ್ಲಿ 12 ಸಂಪುಟಗಳನ್ನು ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಪರಿಷ್ಕೃತ ಸಂಪುಟಗಳನ್ನು ಪ್ರಕಟಿಸತೊಡಗಿದಾಗ ಸಂಪುಟಗಳ ವಿಂಗಡಣೆಯೂ ಶಾಸನಗಳ ಎಣಿಕೆಯೂ ಬದಲಾದವು.

ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ. ರೈಸ್ ಅವರ 1889ರ ಪುಸ್ತಕದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ ಪರಿಷ್ಕರಿಸಿದ 1923ರ ಆವೃತ್ತಿಯಲ್ಲಿ ಅವು 500 ಆದವು, 1973ರ ಆವೃತ್ತಿಯಲ್ಲಿ 573. ಹೊಸ ಶಾಸನಗಳು ಸೇರಿದಂತೆಲ್ಲ ಹಳೆಯವುಗಳ ಸಂಖ್ಯೆಯೂ ಸರಿಯಿತು. ಹಾಗಾಗಿ ‘ಶ್ರವಣಬೆಳಗೊಳ 100’ ಎಂದು ಬರೆದರೆ ಅದು ಯಾವ ಕಲ್ಲಿನ ಮಾತು ಎಂಬುದು ಬರೆದವರಿಗಷ್ಟೇ ಗೊತ್ತು.

ಟಿಪ್ಪಣಿಯಲ್ಲಿ ಇರಬೇಕಾದದ್ದು

ಸರಣಿ, ಆವೃತ್ತಿ ಅಥವಾ ಪ್ರಕಟಣೆಯ ವರ್ಷ, ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ: ಇಷ್ಟು ಬೇಕೇ ಬೇಕು. ಶಾಸನದ ಊರು, ಕಾಲ, ಸಾಲಿನ ಸಂಖ್ಯೆ ಸೇರಿದರೆ ಇನ್ನೂ ಒಳ್ಳೆಯದು. ಅಂಕಿಯೊಂದು ಅಚ್ಚಿನಲ್ಲಿ ತಪ್ಪಿದರೂ ಊರ ಹೆಸರಿನ ಜಾಡು ಹಿಡಿದು ಶಾಸನವನ್ನು ಹುಡುಕಬಹುದು. ಸಂಪಾದಕರ ಪೀಠಿಕೆಯಿಂದ ಮಾತು ತೆಗೆದುಕೊಂಡಿದ್ದರೆ ಪುಟಸಂಖ್ಯೆ ಕೊಡಬೇಕು. ಆ ಅಭಿಪ್ರಾಯ ಸಂಪಾದಕರದು, ಶಾಸನದ್ದಲ್ಲ.

ಸಂಕ್ಷೇಪಗಳ ಪಟ್ಟಿಯನ್ನು ಗ್ರಂಥದ ಮೊದಲಲ್ಲೇ ಕೊಡುವುದು ವಾಡಿಕೆ. ಕನ್ನಡದಲ್ಲಿ ನನ್ನನ್ನು ಹೆಚ್ಚು ಕಾಡಿರುವುದು ‘ಸಂ.’ ಎಂಬ ಒಂದಕ್ಷರ. ಅದು ಸಂಪಾದಕ, ಸಂಪುಟ, ಸಂಚಿಕೆ, ಸಂಖ್ಯೆ, ಏನೂ ಆಗಬಹುದು. ಒಂದೇ ಸಾಲಿನಲ್ಲಿ ಮೂರು ಸಲ ‘ಸಂ.’ ಬರುವ ಕಡೆ ಪದವನ್ನು ಪೂರ್ತಿ ಬರೆಯುವುದೇ ಲೇಸು.

ಕಾವ್ಯ, ವಚನ

ಹಳಗನ್ನಡ ಕಾವ್ಯಗಳಿಗೆ ಪುಟಕ್ಕಿಂತ ಪದ್ಯಸಂಖ್ಯೆ ಭದ್ರ. ಪಂಪಭಾರತಕ್ಕೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸ ಭಾರತಕ್ಕೆ ಪರ್ವ, ಸಂಧಿ, ಪದ್ಯ. ಪಾಠಾಂತರಗಳಿರುವುದರಿಂದ ಸಂಪಾದಿತ ಆವೃತ್ತಿಯ ಹೆಸರು ಇಲ್ಲಿಯೂ ಬೇಕು. ವಚನಕ್ಕೆ ಅಂಥ ಒಳವಿಭಾಗವಿಲ್ಲ, ಅಂಕಿತವೊಂದರಿಂದಲೇ ಅದನ್ನು ಪತ್ತೆಹಚ್ಚಲಾಗದು. ಅದಕ್ಕೇ ಸಮಗ್ರ ವಚನ ಸಂಪುಟದಂಥ ಮಾಲೆಯ ಸಂಪುಟವನ್ನೂ ವಚನಸಂಖ್ಯೆಯನ್ನೂ ನಮೂದಿಸುತ್ತಾರೆ.

ಹೆಸರಿನ ಕ್ರಮ

ಮನೆತನದ ಹೆಸರು ಮೊದಲು ಎಂಬ ಪಾಶ್ಚಾತ್ಯ ಪದ್ಧತಿ ‘ಕಲಬುರ್ಗಿ, ಎಂ.ಎಂ.’ ಎಂಬಲ್ಲಿ ಸಲೀಸಾಗಿ ಕೂರುತ್ತದೆ. ಹಳೆ ಮೈಸೂರಿನ ಕಡೆ ಇನಿಷಿಯಲ್ಲುಗಳು ಸಾಮಾನ್ಯವಾಗಿ ಊರು ಮತ್ತು ತಂದೆಯ ಹೆಸರಿನವು. ಮನೆತನದ ಹೆಸರೇ ಇರುವುದಿಲ್ಲ. ಅಲ್ಲಿ ವ್ಯಕ್ತಿಯ ಸ್ವಂತ ಹೆಸರನ್ನೇ ಮೊದಲಿಗೆ ತರಬೇಕು. ಯಾವ ಕ್ರಮ ಹಿಡಿದರೂ ಪಟ್ಟಿಯ ಕೊನೆಯವರೆಗೆ ಅದನ್ನೇ ಪಾಲಿಸಬೇಕು.

ಕಣ್ಣಾರೆ ನೋಡದ ಆಕರ

ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ. 60 ದಾಟಿದರೆ ಸಂಶೋಧನಾ ವಿದ್ಯಾರ್ಥಿಯ ನೋಂದಣಿಯೇ ರದ್ದು. ಆದರೆ ಪರಾಮರ್ಶನ ಗ್ರಂಥಗಳ ಪಟ್ಟಿಯನ್ನು ಈ ತಪಾಸಣೆಯಿಂದ ಹೊರಗಿಟ್ಟಿದ್ದಾರೆ. ಇನ್ನೊಬ್ಬರ ಪುಸ್ತಕದಿಂದ ಟಿಪ್ಪಣಿಗಳನ್ನು ಎತ್ತಿಕೊಂಡು ಮೂಲವನ್ನೇ ಓದಿದಂತೆ ತೋರಿಸುವ ಚಾಳಿಗೆ ಈ ಲೆಕ್ಕದಲ್ಲಿ ತಡೆಯಿಲ್ಲ. ನನಗೆ ಇದೇ ಹೆಚ್ಚು ನೋವಿನ ಸಂಗತಿ, ಏಕೆಂದರೆ ಒಬ್ಬರು ತಪ್ಪಾಗಿ ಬರೆದ ಸಂಖ್ಯೆ ಹೀಗೇ ಪ್ರಬಂಧದಿಂದ ಪ್ರಬಂಧಕ್ಕೆ ಸಾಗುತ್ತದೆ.

ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಒಂದು ಶಾಸನದ ಪ್ರಸ್ತಾಪ ಓದಿ, ಮೂಲ ಸಂಪುಟ ಕೈಗೆ ಸಿಗದಿದ್ದರೆ ಬರೆಯಬೇಕಾದ ರೀತಿ ಸರಳ. ಶಾಸನದ ವಿವರವನ್ನು ಅವರು ಕೊಟ್ಟಂತೆಯೇ ಕೊಟ್ಟು, ಮುಂದೆ ‘ಚಿದಾನಂದಮೂರ್ತಿಯವರಲ್ಲಿ ಉಲ್ಲೇಖಿತ’ ಎಂದು ಸೇರಿಸಿ, ಆ ಪುಸ್ತಕದ ವರ್ಷ ಮತ್ತು ಪುಟವನ್ನು ಬರೆಯುವುದು.