ಜನರಲ್ ಗೈಸೆಲ್: ಶಿಸ್ತಿನ ಬದುಕು, ರಕ್ತದ ಕೂಗು

1964ರಿಂದ 1985ರವರೆಗೆ ಬ್ರೆಜಿಲ್ ದೇಶವನ್ನು ಸೇನೆಯೇ ಆಳಿತು. ಆ ಅವಧಿಯ ಐವರು ಸೇನಾ ಅಧ್ಯಕ್ಷರಲ್ಲಿ ನಾಲ್ಕನೆಯವರಾದ ಎರ್ನೆಸ್ಟೊ ಗೈಸೆಲ್ ಅವರ ಜೀವನವು ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ವಿಶೇಷ ಪ್ರಶ್ನೆಯೊಂದನ್ನು ಒಡ್ಡುತ್ತದೆ. ಕಥೋಲಿಕರೇ ಬಹುಸಂಖ್ಯಾತರಾಗಿದ್ದ ಆ ನಾಡಿನಲ್ಲಿ ಅವರು ಲೂಥರನ್ ಮನೆತನದವರು. 1907ರಲ್ಲಿ ದಕ್ಷಿಣದ ಬೆಂಟೊ ಗೊನ್ಸಾಲ್ವೆಸ್ ಪಟ್ಟಣದಲ್ಲಿ, ಜರ್ಮನಿಯಿಂದ ವಲಸೆ ಬಂದಿದ್ದ ತಂದೆಗೆ ಮಗನಾಗಿ ಜನಿಸಿದರು. ಸೈನ್ಯ ಸೇರಿ ಜನರಲ್ ಪದವಿಗೇರಿದರು. ಸರ್ಕಾರಿ ತೈಲ ಸಂಸ್ಥೆಯಾದ ಪೆಟ್ರೊಬ್ರಾಸನ್ನು ನಡೆಸಿದರು. 1974ರ ಮಾರ್ಚ್ 15ರಂದು ಅಧ್ಯಕ್ಷರಾದರು. ಶಿಸ್ತಿಗೂ ಸರಳ ಜೀವನಕ್ಕೂ ಅವರು ಹೆಸರಾಗಿದ್ದರು.

ಸೇನೆಯ ಬಿಗಿಹಿಡಿತವನ್ನು ನಿಧಾನವಾಗಿ, ಹಂತಹಂತವಾಗಿ ಸಡಿಲಿಸುವುದಾಗಿ ಅವರು ಮಾತು ಕೊಟ್ಟರು. ಆದರೆ 1975ರ ಅಕ್ಟೋಬರ್ 25ರಂದು ಪತ್ರಕರ್ತ ವ್ಲಾದಿಮಿರ್ ಹೆರ್ಜಾಗ್ ಸಾವೊ ಪಾವ್ಲೊ ನಗರದ ಸೇನಾ ಬಂಧನದಲ್ಲಿ ಸತ್ತರು. ಅದು ಆತ್ಮಹತ್ಯೆಯೆಂದು ಸೇನೆ ಸಾರಿತು. ಆರು ದಿನಗಳ ನಂತರ, ಪೊಲೀಸರು ರಸ್ತೆಗಳನ್ನು ತಡೆದರೂ, ಸಾವಿರಾರು ಜನರು ಪ್ರಧಾನಾಲಯದಲ್ಲಿ ನೆರೆದರು. ಯೆಹೂದ್ಯನಾದ ಮೃತನಿಗಾಗಿ ಕಾರ್ಡಿನಲ್ ಆರ್ನ್ಸ್, ರಬ್ಬಿ ಹೆನ್ರಿ ಸೊಬೆಲ್ ಮತ್ತು ಪ್ರೆಸ್ಬಿಟೇರಿಯನ್ ಸಭಾಪಾಲಕ ಜೇಮ್ಸ್ ರೈಟ್ ಒಟ್ಟಾಗಿ ಪ್ರಾರ್ಥಿಸಿದರು. ರೈಟ್ ಅವರ ಸ್ವಂತ ಸಹೋದರನೇ 1973ರಲ್ಲಿ ಕಣ್ಮರೆಯಾಗಿದ್ದನು.

1976ರ ಜನವರಿಯಲ್ಲಿ ಅದೇ ಬಂಧನಗೃಹದಲ್ಲಿ ಕಾರ್ಮಿಕನೊಬ್ಬನು ಸತ್ತಾಗ ಗೈಸೆಲ್ ಆ ಪ್ರದೇಶದ ಸೇನಾನಾಯಕನನ್ನು ಪದಚ್ಯುತಗೊಳಿಸಿದರು. 1978ರ ಕೊನೆಗೆ, ದಬ್ಬಾಳಿಕೆಯ ಆಧಾರವಾಗಿದ್ದ ಐದನೆಯ ಸಾಂಸ್ಥಿಕ ಶಾಸನವನ್ನೂ ರದ್ದುಗೊಳಿಸಿದರು. ಇವುಗಳನ್ನು ನಾವು ಅಲ್ಲಗಳೆಯಲಾರೆವು. ಬಹುಕಾಲ ಇತಿಹಾಸವು ಅವರನ್ನು ಸೌಮ್ಯ ಸುಧಾರಕರೆಂದೇ ನೆನೆಯಿತು.

ಆದರೆ 2018ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಪತ್ರವೊಂದು ಬೆಳಕಿಗೆ ಬಂದಿತು. ಅದರ ದಿನಾಂಕ 1974ರ ಏಪ್ರಿಲ್ 11. ಹಿಂದಿನ ಒಂದು ವರ್ಷದಲ್ಲಿ 104 ಜನರನ್ನು ವಿಚಾರಣೆಯಿಲ್ಲದೆ ಕೊಂದ ವಿಷಯವನ್ನು ಹೊಸ ಅಧ್ಯಕ್ಷರಿಗೆ ತಿಳಿಸಲಾಯಿತೆಂದೂ, ಅಪಾಯಕಾರಿಗಳೆನಿಸಿದವರ ಮಟ್ಟಿಗೆ ಆ ಕ್ರಮ ಮುಂದುವರಿಯಲೆಂದು ಅವರು ಒಪ್ಪಿದರೆಂದೂ ಅದರಲ್ಲಿ ಬರೆದಿದೆ.

ದಾವೀದನು ಊರೀಯನ ವಿಷಯವಾಗಿ ಯೋವಾಬನಿಗೆ ಬರೆದ ಪತ್ರವೂ ಗುಟ್ಟಾಗಿಯೇ ಹೋಯಿತು. ಆ ಪಾಪವನ್ನು ಅರಸನ ಮುಂದೆ ತೆರೆದಿಟ್ಟವನು ನಾತಾನನು. ಲೌಕಿಕ ಅಧಿಕಾರವೂ ದೇವರದೇ ಎಂದು ಲೂಥರನ ಎರಡು ರಾಜ್ಯಗಳ ಬೋಧನೆ ಹೇಳುತ್ತದೆ. ಅಧಿಕಾರ ದೇವರದಾದುದರಿಂದಲೇ ಅಧಿಕಾರಿಯು ದೇವರಿಗೆ ಲೆಕ್ಕ ಒಪ್ಪಿಸಬೇಕು. ವೈಯಕ್ತಿಕ ಶಿಸ್ತಾಗಲಿ, ನಂತರದ ಸುಧಾರಣೆಯಾಗಲಿ ಆ ಲೆಕ್ಕವನ್ನು ತೀರಿಸಲಾರದು.

ಸಭೆಯ ಕರ್ತವ್ಯವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಆರ್ನ್ಸ್ ಮತ್ತು ರೈಟ್ ಅವರ ಆಶ್ರಯದಲ್ಲಿ ಸೇನಾ ನ್ಯಾಯಾಲಯದ ಕಡತಗಳನ್ನು ಗುಟ್ಟಾಗಿ ನಕಲು ಮಾಡಲಾಯಿತು; ಚಿತ್ರಹಿಂಸೆಯ ಆ ದಾಖಲೆ 1985ರಲ್ಲಿ ಪುಸ್ತಕವಾಗಿ ಹೊರಬಂದಿತು. ಗೈಸೆಲ್ ಅವರ ಒಪ್ಪಿಗೆಯ ಪತ್ರ ಜಗತ್ತಿಗೆ ತಿಳಿಯಲು ನಲವತ್ತನಾಲ್ಕು ವರ್ಷ ಬೇಕಾಯಿತು. ಆದರೆ ಪ್ರಧಾನಾಲಯದಲ್ಲಿ ನಿಂತ ಆ ಮೂವರು ಅದಕ್ಕಾಗಿ ಕಾಯಲಿಲ್ಲ. ಹೇಬೆಲನ ರಕ್ತದ ಕೂಗೇ ಅವರಿಗೆ ಸಾಕಷ್ಟು ಸಾಕ್ಷಿಯಾಗಿತ್ತು. ನಮಗೂ ಅಷ್ಟೇ ಸಾಕಾಗಲಿ.